ಶಂಕರಮ್ಮನ ಮದುವೆ

ಬಾಳೆಯ ಕಂದನ್ನು ಬುಡಸಮೇತ ಅಗೆದು ತಂದು ಹೆಣದ ಪಕ್ಕ ನಿಲ್ಲಿಸಿದ ಮೇಲೆ ತಕರಾರು ಎದ್ದಿತು. ಕೇರಿಯ ಹಿರಿಯ ಬೂತಪ್ಪಜ್ಜ ಬಾಯಲ್ಲಿದ್ದ ಎಲೆಯಡಿಕೆಯನ್ನು ಬೇಲಿಯಾಚೆ ಉಗಿದು ಬಂದು, ಕಂದನ್ನೊಮ್ಮೆ, ಅದನ್ನು ಹೊತ್ತು ತಂದ ತನ್ನ ಮಗ ಸುಂದರೇಶನನ್ನೊಮ್ಮೆ ನೋಡಿದ.

“ಎಂತ ಮಾರಾಯ ಇದು? ಬಾಳೆ ಹೆಣ್ಣಲ್ವ? ಹೆಣ್ಣಿಗೆ ಹೆಣ್ಣನ್ನೇ ತಂದು ನಿಲ್ಸಿದೀಯಲ್ಲ. ಗಂಡು ಬೇಕು. ಎಕ್ಕದ ಗಿಡವೇ ಆಗ್ಬೇಕು.”

ಅಂಗಳದಲ್ಲಿ ಸೇರಿದ್ದವರಿಗೆ ಇದು ಹೌದೆನ್ನಿಸಿತು. ಬಯಲುಸೀಮೆಯಲ್ಲಾದರೆ ಎಕ್ಕ ರಸ್ತೆಯ ಬದಿಗೆಲ್ಲ ಬೆಳೆದು ನಿಂತಿರುತ್ತದೆ. ಮಲೆನಾಡಿನ ಈ ಅಡ್ಡಗದ್ದೆಯ ಸುತ್ತ ಬೇಕೆಂದು ಹುಡುಕಿದರೂ ಒಂದು ಸಿಗುವುದಿಲ್ಲ. ಶೃಂಗೇರಿಯ ಹತ್ತಿರ ಒಂದು ಗಣಪತಿ ಗುಡಿಯ ಮುಂದೆ ನೋಡಿದ ನೆನಪು ಎಂದು ಒಬ್ಬರೆಂದರೆ, ಅದು ಕಳೆದ ವರ್ಷವೇ ಒಣಗಿಹೋಯಿತು ಎಂದು ಇನ್ನೊಬ್ಬರೆಂದರು. ಕೊನೆಗೆ ಸುಂದರೇಶ ಕೈ ಒರೆಸಿಕೊಂಡು ಬೈಕ್ ಹತ್ತಿದ. ಶೃಂಗೇರಿಯಲ್ಲಿ ಸಿಗದಿದ್ದರೆ ಕೊಪ್ಪದ ತನಕ ಹೋಗಿ ಬರುವುದೆಂದು, ಏನೇ ಆದರೂ ಹೊತ್ತು ಇಳಿಯುವುದರೊಳಗೆ ಗಂಡು ಅಂಗಳದಲ್ಲಿರಬೇಕೆಂದು ತೀರ್ಮಾನವಾಯಿತು.

ಮದುವಣಗಿತ್ತಿ ಚಾಪೆಯ ಮೇಲೆ ಮಲಗಿದ್ದಳು. ಹೆಸರು ಶಂಕರಮ್ಮ, ವಯಸ್ಸು ಐವತ್ನಾಲ್ಕು. ಹಿಂದಿನ ದಿನ ಮಧ್ಯಾಹ್ನ ಕೊಪ್ಪದಲ್ಲಿ ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲ. ಮದುವೆಯಾಗದೆ ಸತ್ತವರನ್ನು ಅವರ ಕಡೆಯಲ್ಲಿ ಹಾಗೇ ಸುಡುವುದಿಲ್ಲ. ಗಿಡದ ಜೊತೆ ಮದುವೆ ಮಾಡಿ, ಕೊರಳಿಗೆ ಅರಿಶಿನದ ಕೊಂಬು ಕಟ್ಟಿ, ಆಮೇಲೆ ಎತ್ತುವುದು. ಇಲ್ಲದಿದ್ದರೆ ಜೀವ ಆಸೆ ಬಿಡದೆ ಮನೆ ಸುತ್ತುತ್ತದೆ, ಆ ಮನೆಯ ಮುಂದಿನ ಮದುವೆ ಕೂಡಿಬರುವುದಿಲ್ಲ ಎಂದು ನಂಬಿಕೆ. ಆ ಮನೆಯ ಮುಂದಿನ ಮದುವೆ ಎಂದರೆ ಪವಿತ್ರಾಳದು.

ಪವಿತ್ರಾ ಸತ್ತವಳ ತಮ್ಮ ಶೇಷಪ್ಪನ ಮಗಳು. ಕೊಪ್ಪದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಮೂರು ವರ್ಷದಿಂದ ಅತ್ತೆಯ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು. ಈಗ ಅತ್ತೆಯ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಬೆಳಗಿನಿಂದ ಬಂದವರೆಲ್ಲ ಅವಳ ತಲೆ ಸವರಿದ್ದರು, ಕಾಫಿ ಕುಡಿದೆಯಾ ಎಂದಿದ್ದರು. ಶಂಕರಮ್ಮನಿಗೆ ಈ ಮದುವೆ ಬೇಕಿತ್ತೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಬೇಕಿರಲಿಲ್ಲ. ಅದನ್ನು ಹೇಳುವವರು ಈ ಅಂಗಳದಲ್ಲಿ ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂದು ಪವಿತ್ರಾಗೆ ಗೊತ್ತಿತ್ತು. ಬೈಕಿನ ಸದ್ದು ತಿರುವಿನಲ್ಲಿ ಅಡಗಿತು. ಅದು ತಿರುಗಿ ಬರುವುದರೊಳಗೆ ಬಾಯಿ ಬಿಡಬೇಕಿತ್ತು.

*

ಹಾಸ್ಟೆಲಿನಲ್ಲಿ ಸೀಟು ಸಿಗದೆ ಓದು ನಿಲ್ಲುವ ಹಾಗಾದಾಗ ಅತ್ತೆಯೇ ಊರಿಗೆ ಬಂದು ಅವಳ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದ್ದಳು. ಕೊಪ್ಪದ ಹೊರಗಿನ ಒಂದು ನರ್ಸರಿಯಲ್ಲಿ ಅತ್ತೆಗೆ ಕೂಲಿ. ಕಾಫಿ ಸಸಿ ನೆಡುವ ಪ್ಲಾಸ್ಟಿಕ್ ಚೀಲದ ಕೊಟ್ಟೆಗಳಿಗೆ ಮಣ್ಣು ತುಂಬುವ ಕೆಲಸ, ಇಪ್ಪತ್ತೆಂಟು ವರ್ಷದಿಂದ ಅದೇ. ಸಂಜೆ ಬಂದು ಒಲೆ ಹಚ್ಚಿ, ಗೋಡೆಗೆ ಒರಗಿ ಕಾಲು ಚಾಚಿ, ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತ ಕೇಳುವಳು:

“ಇವತ್ತು ಎಲ್ಲಿಗೆ ಬಂತೇ ನಿನ್ನ ದೊರೆಸಾನಿಯರ ಕತೆ?”

ಪವಿತ್ರಾಳದು ಐಚ್ಛಿಕ ಇಂಗ್ಲಿಷ್. ನೂರೈವತ್ತು, ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಕಾದಂಬರಿಗಳನ್ನು ಅವಳು ಮೊದಲು ನಿಘಂಟು ಹಿಡಿದು ಓದಿ, ಆಮೇಲೆ ಅತ್ತೆಗೆ ಕನ್ನಡದಲ್ಲಿ ಹೇಳಿದರೇ ತನಗೂ ಅರ್ಥವಾಗುತ್ತಿದ್ದದ್ದು. ಆ ದೇಶದಲ್ಲೂ ಅಪ್ಪನ ಮನೆ ಗಂಡಿಗೇ ಹೋಗುತ್ತದೆ ಎಂದು ಹೇಳಿದಾಗ ಅತ್ತೆ ಆಶ್ಚರ್ಯಪಡಲಿಲ್ಲ. ಅಲ್ಲಿನ ಹೆಣ್ಣುಮಕ್ಕಳು ಕಸೂತಿ ಹಾಕುತ್ತ, ಟೀ ಕುಡಿಯುತ್ತ, ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಾರೆ ಎಂದಾಗ ಮಾತ್ರ, ಆ ಟೀ ಕಪ್ಪು ತೊಳೆಯುವವರು ಯಾರು ಎಂದು ಕೇಳಿದಳು. ಅದು ಪುಸ್ತಕದಲ್ಲಿ ಇರಲಿಲ್ಲ. ಪವಿತ್ರಾ ಮರುದಿನ ಲೈಬ್ರರಿಯಲ್ಲಿ ಕೂತು ಹುಡುಕಿದಳು, ಆಗಲೂ ಸಿಗಲಿಲ್ಲ.

ಕತೆ ಯಾವುದಾದರೂ ಕೊನೆಯ ಅಧ್ಯಾಯದಲ್ಲಿ ಮದುವೆ. ನಾಲ್ಕನೆಯದೋ ಐದನೆಯದೋ ಮದುವೆ ಮುಗಿದ ದಿನ ಅತ್ತೆ ಕಡ್ಡಿಯನ್ನು ಒಲೆಗೆ ಹಾಕಿ ಕೇಳಿದಳು:

“ನನ್ನಂಥೋರು ಒಬ್ರೂ ಇಲ್ವನೆ ಅದ್ರಲ್ಲಿ?”

ಇದ್ದರು. ಎಲ್ಲ ಪುಸ್ತಕದಲ್ಲೂ ಒಬ್ಬಳು ಮದುವೆಯಾಗದ ಅತ್ತೆಯೋ ಚಿಕ್ಕಮ್ಮನೋ ಮೂಲೆಯ ಕುರ್ಚಿಯಲ್ಲಿ ಇದ್ದೇ ಇರುತ್ತಿದ್ದಳು. ಮಾತು ಜಾಸ್ತಿ, ಸದಾ ಶೀತ, ಅವಳು ಬಾಯಿ ತೆರೆದರೆ ಉಳಿದವರಿಗೆ ನಗು. ಪವಿತ್ರಾ ಇದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದಳು.

“ಅವಳು ಕೊನೆಗೆ ಎಂತ ಆಗ್ತಾಳೆ?”

“ಬರ್ದಿಲ್ಲ ಅತ್ತೆ.”

ಅತ್ತೆ “ಒಳ್ಳೇದಾತು. ಅವಳ ಪಾಡಿಗೆ ಅವಳನ್ನ ಬಿಟ್ಟಿದಾರಲ್ಲ, ಅಷ್ಟು ಸಾಕು” ಅಂದಳು.

ಅತ್ತೆಗೆ ಗಂಡು ಬಂದಿರಲಿಲ್ಲ ಎಂದಲ್ಲ. ಮೂರು ಬಂದಿದ್ದವು. ತನ್ನ ತಾಯಿ ತೀರಿಕೊಂಡು ತಮ್ಮನನ್ನು ಸಾಕುತ್ತಿದ್ದಾಗ ಬಂದ ಮೊದಲಿನದು ತಾನಾಗಿಯೇ ತಪ್ಪಿಹೋಯಿತು. ಉಳಿದ ಎರಡನ್ನು ಅವಳೇ ಬೇಡ ಅಂದಳು. ಕೊನೆಯದನ್ನು ತಂದವನು ಆಗ ಹೊಸದಾಗಿ ಮದುವೆಯಾಗಿದ್ದ ಶೇಷಪ್ಪ. ಗಂಡು ನರಸಿಂಹರಾಜಪುರದ ಕಡೆಯವನು, ಹೆಂಡತಿ ಸತ್ತವನು, ಇಬ್ಬರು ಮಕ್ಕಳು. ಬೇಡ ಅಂದದ್ದಕ್ಕೆ ಕಾರಣವನ್ನು ಅತ್ತೆ ಪವಿತ್ರಾಗೆ ಒಮ್ಮೆ ಹೇಳಿದ್ದಳು. ಹಗಲಿಡೀ ಮಣ್ಣು ತುಂಬಿ ಬಂದು ಸಂಜೆ ತನ್ನ ಬಾಗಿಲ ಬೀಗವನ್ನು ತಾನೇ ತೆಗೆಯುತ್ತೇನೆ, ಆ ಸುಖ ಬಿಡಲು ಮನಸ್ಸಾಗಲಿಲ್ಲ ಎಂದಿದ್ದಳು.

ಸುಖವೇ ಎಲ್ಲ ಅಲ್ಲ ಎಂದು ಪವಿತ್ರಾಗೂ ಕಾಣುತ್ತಿತ್ತು. ಗೌರಿಹಬ್ಬದ ದಿನ ವಠಾರದ ಹೆಂಗಸರು ಬಾಗಿನ ಹಿಡಿದು ಮನೆಮನೆಗೆ ಹೋಗುವಾಗ ಅತ್ತೆಯ ಬಾಗಿಲನ್ನು ದಾಟಿ ಮುಂದೆ ನಡೆಯುತ್ತಿದ್ದರು. ಅತ್ತೆ ಆ ಹೊತ್ತಿಗೆ ಸರಿಯಾಗಿ ಏನಾದರೂ ಕೆಲಸ ಹಚ್ಚಿಕೊಂಡು ಒಳಗೆ ಇರುತ್ತಿದ್ದಳು. ಒಂದು ವರ್ಷ ಮಾಡಲು ಏನೂ ಇಲ್ಲದೆ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಪವಿತ್ರಾ ಪುಸ್ತಕದಿಂದ ತಲೆ ಎತ್ತಲಿಲ್ಲ. ಎತ್ತಿದರೆ ಅತ್ತೆಗೆ ಅವಮಾನವಾಗುತ್ತದೆ ಎಂದು ಅನ್ನಿಸಿತು.

*

ಮಧ್ಯಾಹ್ನ ಎರಡು ದಾಟಿತು. ಬೈಕಿನ ಸುಳಿವಿಲ್ಲ. ಗಂಡಸರು ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದರು. ಪವಿತ್ರಾಳ ಅಮ್ಮ ಒಳಗಿನಿಂದ ತನ್ನ ಧಾರೆ ಸೀರೆಯನ್ನು ತಂದು ಮಡಿಕೆ ಬಿಚ್ಚಿದಳು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿದ್ದ ಕೆಂಪು ಸೀರೆ. ಹೆಂಗಸರೆಲ್ಲ ಸೇರಿ ಅದನ್ನು ಅತ್ತೆಗೆ ಸುತ್ತಿದರು. ಆ ಸೀರೆಯಲ್ಲಿ ಅತ್ತೆ ಪವಿತ್ರಾಗೆ ಗುರುತು ಸಿಗದಂತಾದಳು.

ಅಮ್ಮ ಅಳುತ್ತಿರಲಿಲ್ಲ. ಇದ್ದಾಗಲೂ ಅತ್ತಿಗೆ ನಾದಿನಿಯರ ನಡುವೆ ಮಾತು ಅಷ್ಟಕ್ಕಷ್ಟೇ. ಹದಿನಾರಕ್ಕೆ ಮದುವೆಯಾಗಿ ಬಂದ ಅಮ್ಮ, ಅವರಿಗೇನು, ಒಬ್ಬರೇ ಜೀವ, ಎಂದು ಆಗಾಗ ಗೊಣಗುತ್ತಿದ್ದಳು. ಕಳೆದ ತಿಂಗಳು ಕಾಲೇಜಿನಲ್ಲಿ ಪವಿತ್ರಾ ಒಂದು ಸೆಮಿನಾರ್ ಮಾಡಿದ್ದಳು. ವಿಷಯ, ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಣ್ಣು. ಹೆಣ್ಣಿನ ಕಾಲಿಗೆ ಹಗ್ಗ ಕಟ್ಟುವವರು ಗಂಡಸರೇ ಇರಬಹುದು, ಅದು ಸಡಿಲವಾಗದಂತೆ ಕಾಯುವವರು ಮಾತ್ರ ಅಮ್ಮಂದಿರು ಎಂದು ಅದರಲ್ಲಿ ಬರೆದಿದ್ದಳು. ಬರೆಯುವಾಗ ಅವಳ ಕಣ್ಣ ಮುಂದೆ ಇದ್ದವಳು ಯಾವ ದೊರೆಸಾನಿಯೂ ಅಲ್ಲ, ಇದೇ ಅಮ್ಮ. ಮೇಷ್ಟ್ರು ಆ ಸಾಲನ್ನು ಎರಡು ಸಲ ಓದಿಸಿದರು, ಕ್ಲಾಸು ಚಪ್ಪಾಳೆ ತಟ್ಟಿತು. ನಲವತ್ತು ಜನರೆದುರು ಅಷ್ಟು ಧೈರ್ಯವಾಗಿ ಮಾತಾಡಿದವಳು ಇಲ್ಲಿ ಬೆಳಗಿನಿಂದ ನೊಣ ಓಡಿಸುತ್ತ ಕೂತಿದ್ದಳು. ತನ್ನ ಮೇಲೇ ಅವಳಿಗೆ ನಾಚಿಕೆಯಾಯಿತು.

ಎದ್ದು ಹಿತ್ತಲಿಗೆ ಹೋದಳು. ಅಪ್ಪ ಅಲ್ಲಿ ಒಬ್ಬನೇ ಮಡಕೆಗೆ ಹಗ್ಗ ಸುತ್ತುತ್ತಿದ್ದ.

“ಅಪ್ಪ, ಅತ್ತೆ ಬೇಡ ಅಂದಿದ್ಲು.”

ಶೇಷಪ್ಪ ತಲೆ ಎತ್ತಲಿಲ್ಲ. “ಗೊತ್ತು ನಂಗೆ. ನಾನೇ ಅಲ್ವ ಗಂಡು ತಂದು ಬೈಸಿಕೊಂಡಿದ್ದು.”

“ಮತ್ತೆ?”

ಅವನು ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಿಗಿದ. ನಾಳೆ ನಿನಗೆ ಗಂಡು ಕೂಡಿಬರದಿದ್ದರೆ ಇವತ್ತಿನದನ್ನೇ ಎಲ್ಲರೂ ಎತ್ತಿ ಆಡುತ್ತಾರೆ, ಅಕ್ಕನ ಹೆಸರು ಹಾಗೆ ಊರ ಬಾಯಿಗೆ ಬೀಳುವುದು ತನಗೆ ಬೇಡ ಎಂದ. ಅವನ ಕಣ್ಣು ತುಂಬಿತ್ತು. ಪವಿತ್ರಾಗೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಮಾತು ಬೂತಪ್ಪಜ್ಜನ ಕಿವಿಗೂ ಬಿದ್ದಿತ್ತು. ಅವನು ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಕೆಟ್ಟ ಮನುಷ್ಯನಲ್ಲ, ರಾತ್ರಿಯಿಡೀ ಹೆಣದ ಜೊತೆ ಎಚ್ಚರ ಕೂತವನು ಅವನೊಬ್ಬನೇ.

“ಕೂಸೆ, ಬದುಕಿದ್ದಾಗ ಬೇಡ ಅಂದ್ಲು, ನಾವು ಕೇಳಿದ್ವಿ. ಬಲವಂತ ಮಾಡ್ಲಿಲ್ಲ. ಈಗ ಅವಳೇನು ಬೇಡ ಅಂತಾಳಾ?”

ಅಷ್ಟರಲ್ಲಿ ತಿರುವಿನಲ್ಲಿ ಬೈಕಿನ ಸದ್ದು ಕೇಳಿಸಿತು.

*

ಗಂಡು ಒಂದೂವರೆ ಅಡಿ ಎತ್ತರ ಇತ್ತು. ಕೊಪ್ಪದಲ್ಲಿ ಯಾರದೋ ಮನೆಯ ಕಾಂಪೌಂಡಿನಿಂದ ಬೇಡಿ ತಂದದ್ದು. ಬಿಸಿಲಿಗೆ ಎಲೆಗಳು ಜೋತುಬಿದ್ದಿದ್ದವು. ಸುಂದರೇಶ ಅದನ್ನು ಅತ್ತೆಯ ಬಲಗಡೆ ಇಟ್ಟು, ವಾಲದಂತೆ ಎರಡು ಕಲ್ಲು ಕೊಟ್ಟ. ಮಂತ್ರವಿಲ್ಲ, ವಾದ್ಯವಿಲ್ಲ. ಬೂತಪ್ಪಜ್ಜ ಎಕ್ಕಕ್ಕೆ ಒಂದು ತುಂಡು ಪಂಚೆ ಸುತ್ತಿದ. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಎಲೆಗಳಿಗೆ ಮುಟ್ಟಿಸಿ, ಗಂಡಿಗೆ ಕೈ ಇಲ್ಲವಾದ್ದರಿಂದ ಮನೆಯ ಮುತ್ತೈದೆಯೇ ಕಟ್ಟಬೇಕು ಎಂದು ಹೇಳಿ ಅಮ್ಮನ ಕೈಗೆ ಕೊಟ್ಟ.

ಅಮ್ಮ ಹೆಣದ ತಲೆಯ ಕಡೆಗೆ ಮಂಡಿಯೂರಿ ಕೂತಳು. ಅತ್ತೆಯ ಕತ್ತಿನ ಕೆಳಗೆ ಎರಡೂ ಕೈ ತೂರಿಸಿ, ಒಂದು, ಎರಡು, ಮೂರು ಎಂದು ಎಲ್ಲರಿಗೂ ಕೇಳುವ ಹಾಗೆ ಗಂಟುಗಳನ್ನು ಎಣಿಸಿದಳು. ಜನ ಅಕ್ಕಿಕಾಳು ಹಾಕಿದರು. ಪವಿತ್ರಾ ಕೈಯಲ್ಲಿದ್ದ ಅಕ್ಕಿಯನ್ನು ನೆಲಕ್ಕೆ ಬಿಟ್ಟಳು.

ಆಮೇಲೆ ನಡೆದದ್ದನ್ನು ಅವಳು ಊಹಿಸಿರಲಿಲ್ಲ. ಹೆಂಗಸರು ಸಾಲಾಗಿ ಬಂದು ಅತ್ತೆಯ ಕಾಲಿಗೆ ಬಿದ್ದರು. ಗಂಡನಿರುವಾಗಲೇ ಹೋದ ಮುತ್ತೈದೆ. ಅವಳ ಹಣೆಯ ಕುಂಕುಮ ಮುಟ್ಟಿ ತಮ್ಮ ಹಣೆಗೂ ತಾಳಿಗೂ ಹಚ್ಚಿಕೊಂಡರೆ ಪುಣ್ಯ. ಬಾಗಿಲು ದಾಟಿ ಹೋಗುವಂಥ ಕೈಗಳೇ ಈಗ ಒಂದನ್ನೊಂದು ತಳ್ಳಿಕೊಂಡು ಆ ಹಣೆಗೆ ಚಾಚಿದವು. ಒಬ್ಬಳು ಸೆರಗಿನಿಂದ ಅತ್ತೆಯ ಪಾದ ಒರೆಸಿ ಕಣ್ಣಿಗೊತ್ತಿಕೊಂಡಳು. ಅರ್ಧ ಗಂಟೆಯ ಗಂಡ ಇಷ್ಟು ಮರ್ಯಾದೆ ತಂದದ್ದನ್ನು ನೋಡಿ ಪವಿತ್ರಾಗೆ ಅಳು ಉಕ್ಕಿ ಬಂತು. ಇದನ್ನು ಹೇಳಿಕೊಂಡು ನಗಲು, ಸಿಟ್ಟಾಗಲು ಇದ್ದದ್ದು ಒಬ್ಬಳೇ ಒಬ್ಬಳು. ಅವಳು ಕೆಂಪು ಸೀರೆ ಉಟ್ಟು ಮಲಗಿದ್ದಳು.

“ನೀನೂ ಹೋಗು. ಬೇಗ ಕೂಡಿಬರ್ಲಿ ಅಂತ ಕೇಳ್ಕೊ,” ಎಂದು ಯಾರೋ ಅವಳ ಬೆನ್ನು ತಳ್ಳಿದರು.

ಹೋದಳು. ಬಗ್ಗಿ ಅತ್ತೆಯ ಕೆನ್ನೆಗೆ ಕೆನ್ನೆ ತಾಗಿಸಿದಳು. ಅಳುತ್ತಾಳೆ ಪಾಪ ಎಂದು ಹೆಂಗಸರು ಹಿಂದೆ ಸರಿದು ಜಾಗ ಕೊಟ್ಟರು. ಅಳುತ್ತಲೇ ಅವಳು ಕೈಯನ್ನು ಅತ್ತೆಯ ಕತ್ತಿನ ಹಿಂದಕ್ಕೆ ತೂರಿಸಿದಳು. ಬಾಯಲ್ಲಿ ಆಗದ್ದನ್ನು ಬೆರಳಲ್ಲಾದರೂ ಮಾಡಬೇಕು. ಮೂರು ಗಂಟು ಬಿಚ್ಚಲು ಆಗದಿದ್ದರೆ ಉಗುರಿನಲ್ಲಾದರೂ ದಾರ ಹರಿಯಬೇಕು. ತಣ್ಣಗಿದ್ದ ಕೂದಲಿನ ನಡುವೆ ಬೆರಳು ಗಂಟಿಗಾಗಿ ತಡಕಾಡಿತು.

ಗಂಟು ಇರಲಿಲ್ಲ. ಒಂದೂ ಇರಲಿಲ್ಲ. ದಾರದ ಎರಡು ತುದಿಗಳು ಒಂದರ ಪಕ್ಕ ಒಂದು ಸುಮ್ಮನೆ ಬಿದ್ದಿದ್ದವು. ಮೆಲ್ಲಗೆ ಎಳೆದದ್ದೇ ಅದು ಸರಿದು, ಕೊಂಬಿನ ಸಮೇತ ಅವಳ ಅಂಗೈಗೆ ಬಂತು.

ಅವಳು ತಲೆ ಎತ್ತಿದಳು. ಅಮ್ಮ ಎದುರಿಗೇ ಮಂಡಿಯೂರಿ ಕೂತಿದ್ದಳು. ಮಗಳ ಮುಖವನ್ನೂ ನೋಡಲಿಲ್ಲ, ಮುಷ್ಟಿಯನ್ನೂ ನೋಡಲಿಲ್ಲ. ಅತ್ತೆಯ ಎದೆಯ ಮೇಲಿದ್ದ ಚೆಂಡುಹೂವಿನ ಹಾರವನ್ನು ಎರಡೂ ಕೈಯಿಂದ ಮೇಲೆ ಜರುಗಿಸಿ, ಬರಿದಾದ ಕೊರಳು ಮುಚ್ಚುವ ಹಾಗೆ ಗದ್ದದವರೆಗೆ ತಂದು, ಅಲ್ಲಲ್ಲಿ ಒತ್ತಿ ಸರಿಮಾಡಿದಳು. ಆಮೇಲೆ ಗಂಡಸರ ಕಡೆ ತಿರುಗಿದಳು.

“ಎಲ್ಲ ಆತು. ಎತ್ತಿ ಇನ್ನು.”