ಕಿರುಚಿದವಳು

"ಎಲ್ಲಾ ಸರಿಯಾಗೇ ಇತ್ತು. ಇವಳು ಕಿರುಚಿದ್ಲು ನೋಡಿ, ಅಲ್ಲಿಗೆ ಮುಗೀತು," ಎಂದ ದೆರ್ಲಿಸ್, ಬಿಳಿ ಕಾರಿನ ಬಾನೆಟ್ಟಿಗೆ ಕೈಯೂರಿಕೊಂಡು. "ಕಿವಿ ಪಕ್ಕದಲ್ಲೇ ಪಟಾಕಿ ಹೊಡೆದ ಹಾಗಾಯ್ತು. ಕೈ ತಪ್ತು. ನಮ್ಮ ಹಳೇ ಕಾರು ಸೀದಾ ಹೋಗಿ ಬಸ್ ಸ್ಟಾಪಿನ ಕಂಬಾನ ತಬ್ಕೊಂಡ್ಬಿಡ್ತು."

ಕಾರು ಮಾರುವ ದೋನ್ ಸಿರಿಲೊ ಹೊಟ್ಟೆ ಕುಲುಕಿಸಿ ನಕ್ಕ. ಬೆಳಗಿನಿಂದ ಇದು ಮೂರನೆಯ ಅಂಗಡಿ, ಮೂರನೆಯ ನಗು. ಮುರಿದ ಕೊರಳೆಲುಬಿಗಾಗಿ ಬಲಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡ ಎಲಿಹಿಯಾ ತಗಡಿನ ಚಾವಣಿಯ ಕೆಳಗೆ ನಿಂತು ಕೇಳಿಸಿಕೊಂಡಳು. ಮೊದಲ ಅಂಗಡಿಯಲ್ಲಿ ಗಂಡನ ಕತೆಯೊಳಗೆ ಒಂದು ನಾಯಿ ಇತ್ತು. ಅದು ಅಡ್ಡ ಬಂದಿತ್ತು. ಎರಡನೆಯದರಲ್ಲಿ ನಾಯಿ ದೂರದಲ್ಲೆಲ್ಲೋ ಮಲಗಿತ್ತು. ಈಗ ನಾಯಿಯೂ ಇಲ್ಲ. ಉಳಿದದ್ದು ಅವಳ ಕಿರುಚಾಟ ಒಂದೇ.

ಆವತ್ತು ಈಪಕರಾಯಿ ಊರಿನಿಂದ ಬರುವಾಗ ದೆರ್ಲಿಸ್‌ನ ಒಂದು ಕೈಯಲ್ಲಿ ಫೋನ್ ಇತ್ತು. ಅಣ್ಣ ಕಳಿಸಿದ ಫುಟ್‌ಬಾಲ್ ಗೋಲಿನ ವಿಡಿಯೊ ನೋಡುತ್ತಿದ್ದ. "ಆಮೇಲೆ ನೋಡು" ಎಂದು ಅವಳು ಎರಡು ಸಲ ಹೇಳಿದ್ದಳು. ಕಾರು ಡಾಂಬರು ಬಿಟ್ಟು ಕೆಂಪು ಮಣ್ಣಿಗೆ ಇಳಿದ ಮೇಲೆಯೇ ಅವಳು ಕೂಗಿದ್ದು. ಕೂಗದೆ ಹೋಗಿದ್ದರೆ ಅದು ಹೊಡೆಯುತ್ತಿದ್ದುದು ಕಂಬಕ್ಕಲ್ಲ, ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಮುದುಕಿಗೆ.

ಆಸ್ಪತ್ರೆಯಲ್ಲಿ, ಪರದೆಯ ಆಚೆ, ಅವನು ತಾಯಿಗೆ ಕಿರುಚಾಟದ ಇದೇ ಕತೆ ಹೇಳುತ್ತಿದ್ದುದು ಅವಳಿಗೆ ಕೇಳಿಸಿತ್ತು. ಇಂಜೆಕ್ಷನ್ನಿನ ಮಂಪರಿನಲ್ಲಿ ನಾಲಿಗೆ ಏಳಲಿಲ್ಲ. ಮನೆಗೆ ಬಂದ ಮೇಲೆ ನಡೆದದ್ದನ್ನು ನಡೆದ ಹಾಗೆ ಅತ್ತೆಗೆ ಹೇಳಿದಳು. ಅತ್ತೆ ನ್ಯಾ ಒಬ್ದುಲಿಯಾ ಮರಗೆಣಸಿನ ಸಿಪ್ಪೆ ಸುಲಿಯುತ್ತ, ತಲೆ ಕೂಡ ಎತ್ತದೆ, "ಗಂಡನ ಮೇಲೆ ತಪ್ಪು ಹೊರಿಸಿದ್ರೆ ನಿನ್ನ ಎಲುಬು ಕೂಡ್ಕೊಳ್ಳುತ್ತಾ?" ಎಂದಿದ್ದಳು. ಅಷ್ಟರಲ್ಲಿ ದೆರ್ಲಿಸ್‌ನ ಕತೆ ಕಪಿಯಾತಾದ ಅರ್ಧ ಊರು ಸುತ್ತಿ ಬಂದಿತ್ತು. ಶಾಲೆಯ ಕ್ಯಾಂಟೀನಿಗೆ ತಾನು ಮಾಡಿ ಮಾರುವ ಎಂಪನಾಡಾ ಕಡುಬಿಗೆ ಮಾಂಸ ತರಲು ಹೋದರೆ ಕಟುಕ ಗಿರಾಕಿಗಳೆದುರೇ, "ಮೆಲ್ಲಗೆ ಮಾತಾಡಮ್ಮ, ನನ್ನ ಕೈಯಲ್ಲಿ ಕತ್ತಿ ಇದೆ," ಎಂದ. ಎಲ್ಲರೂ ನಕ್ಕರು. ಕರಿದ ಎಂಪನಾಡಾಗಳ ಡಬ್ಬಿಯನ್ನು ಒಂದೇ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ನಿಂತು ಹೋಗುವಾಗಲೆಲ್ಲ ಆ ನಗು ಅವಳ ಹಲ್ಲುಗಳ ಸಂದಿಯಲ್ಲಿ ಮರಳಿನ ಹಾಗೆ ಕರಕರ ಎನ್ನುತ್ತಿತ್ತು.

"ನಮ್ಮನೇಲೂ ಅದೇ ಕತೆ ತಮ್ಮಾ," ಎಂದ ಸಿರಿಲೊ, ಎಲೆ ನೆನೆಸಿದ ತಣ್ಣನೆಯ ಪಾನೀಯ ತೆರೆರೆಯ ಲೋಟವನ್ನು ದೆರ್ಲಿಸ್‌ಗೆ ಚಾಚುತ್ತ. "ನನ್ನ ಹೆಂಡ್ತಿ ಪಕ್ಕದಲ್ಲಿ ಕೂತ್ರೆ ಕಾರಿಗೆ ಎರಡು ಬ್ರೇಕು. ಒಂದು ನನ್ನ ಕಾಲಲ್ಲಿ, ಇನ್ನೊಂದು ಅವಳ ಗಂಟಲಲ್ಲಿ."

"ಜಪಾನಿನಿಂದ ಬಂದ ಈ ಹಳೇ ಕಾರಿನ ಸ್ಟೀರಿಂಗು ನಮ್ಮ ರಸ್ತೆಗೆ ಅಂತ ಬಲಗಡೆಯಿಂದ ಎಡಗಡೆಗೆ ತಂದಿರೋದಲ್ವಾ?" ಎಂದು ಎಲಿಹಿಯಾ ಕೇಳಿದಳು. "ಯಾರು ಮಾಡಿದ ಕೆಲಸ?"

"ಒಳ್ಳೇ ಕೆಲಸ ತಮ್ಮಾ, ಜಪಾನಿನವರೇ ಮಾಡಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ," ಎಂದು ಸಿರಿಲೊ ದೆರ್ಲಿಸ್‌ಗೆ ಉತ್ತರ ಕೊಟ್ಟ. "ಒಂದು ಸುತ್ತು ಓಡಿಸಿ ನೋಡು. ಸೆನ್ಯೋರಾ ಮುಂದೆ ಕೂತ್ಕೊಳ್ಳಲಿ, ಸೀಟು ಎಷ್ಟು ಮೆತ್ತಗಿದೆ ಗೊತ್ತಾಗ್ಲಿ. ನಾನು ಹಿಂದೆ ಇರ್ತೀನಿ."

"ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ ಮತ್ತೆ," ಎಂದ ದೆರ್ಲಿಸ್. ಅವನು ತಮಾಷೆಗೇ ಹೇಳಿದ್ದು.

ಎಲಿಹಿಯಾ ಬೆಲ್ಟನ್ನು ಪೆಟ್ಟಾದ ಹೆಗಲಿಗೆ ತಾಗದಂತೆ ಬಗಲಿನಡಿಯಿಂದ ಎಳೆದು ಹಾಕಿಕೊಂಡಳು. ಅಂಗಡಿಯ ಹಿಂದಿನ ಬೀದಿ ಕಲ್ಲುಹಾಸಿನದು. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿತ್ತು. ಕಾರು ಗಡಗಡ ಎನ್ನುತ್ತ ಸಾಗಿತು. ದೆರ್ಲಿಸ್‌ಗೆ ಹುರುಪು ಬಂತು.

"ಆಮೇಲೇನಾಯ್ತು ಹೇಳು," ಎಂದ ಸಿರಿಲೊ ಹಿಂದಿನಿಂದ.

"ಆಮೇಲೇನು ದೋನ್ ಸಿರಿಲೊ, ಹೆಂಗೆ ಕಿರುಚಿದ್ಲು ಅಂತೀರಿ?" ದೆರ್ಲಿಸ್ ಪೂರ್ತಿ ಹಿಂದಕ್ಕೆ ತಿರುಗಿದ. ಕಣ್ಣು ಅರಳಿಸಿ, ಬಾಯಿ ಅಗಲಿಸಿ, ಹೆಣ್ಣುದನಿಯಲ್ಲಿ ಎಳೆದ: "ದೆರ್ಲೀಸ್!" ಸಿರಿಲೊ ಸೀಟಿಗೊರಗಿ ಕಣ್ಣೊರೆಸಿಕೊಳ್ಳುತ್ತ ನಕ್ಕ.

ಮುಂದೆ, ಬೀದಿಯ ಅರ್ಧಕ್ಕೆ, ರಿಪೇರಿಗೆಂದು ಕಿತ್ತ ಕಲ್ಲುಗಳನ್ನು ಗುಡ್ಡೆ ಹಾಕಿದ್ದರು. ಎಲಿಹಿಯಾಗೆ ಅದು ದೂರದಿಂದಲೇ ಕಂಡಿತ್ತು. ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಕೂಗು ಹೊಟ್ಟೆಯಿಂದ ಎದ್ದು ಗಂಟಲವರೆಗೆ ಬಂತು. ಅವಳು ಹಲ್ಲು ಕಚ್ಚಿದಳು. ಎಡಗೈಯನ್ನು ಡ್ಯಾಶ್‌ಬೋರ್ಡಿಗೆ ಬಲವಾಗಿ ಊರಿದಳು. ದೆರ್ಲಿಸ್ ಇನ್ನೊಂದು ಸಲ, ಇನ್ನಷ್ಟು ಉದ್ದಕ್ಕೆ ಎಳೆದು ಅವಳಂತೆ ಕೂಗಿದ. ಆ ಕೂಗು ಮುಗಿಯುವ ಮೊದಲೇ ಕಾರು ಕಲ್ಲುಗುಡ್ಡೆಗೆ ನುಗ್ಗಿತು.

ದೊಡ್ಡ ಪೆಟ್ಟೇನಲ್ಲ. ಆದರೂ ಮುಂದಿನ ಬಂಪರು ಸೀಳಿ ಒಂದು ಕಡೆ ಜೋತುಬಿತ್ತು, ಒಂದು ದೀಪ ಒಡೆಯಿತು. ಎಲಿಹಿಯಾಳ ಹೆಗಲಿಗೆ ಕಾದ ಸರಳು ಹಾಯಿಸಿದಂತಾಯಿತು. ಅವಳು ಅದಕ್ಕೂ ಬಾಯಿ ಬಿಡಲಿಲ್ಲ.

ದೆರ್ಲಿಸ್ ಸ್ಟೀರಿಂಗ್ ಮೇಲೆ ಗುದ್ದಿದ. "ಹೇಳೋಕಾಗ್ತಿರಲಿಲ್ವಾ ನಿಂಗೆ? ಕಣ್ಣಿಲ್ವಾ? ನಾಲಿಗೆ ಬಿದ್ದುಹೋಗಿತ್ತಾ?"

ಅವನ ನೋಟ ಡ್ಯಾಶ್‌ಬೋರ್ಡಿಗೆ ಊರಿದ್ದ ಅವಳ ಕೈಮೇಲೆ ಬಿತ್ತು.

"ನಿಂಗೆ ಕಂಡಿತ್ತು," ಎಂದ. "ಕೈ ಊರ್ಕೊಂಡು ಕೂತಿದೀಯಾ. ಕಂಡಿತ್ತು ನಿಂಗೆ."

"ಕಂಡಿತ್ತು," ಎಂದಳು ಎಲಿಹಿಯಾ. "ಕೂಗಿದ್ರೆ ನಿನ್ನ ಕೈ ತಪ್ಪುತ್ತಲ್ಲ, ಅದಕ್ಕೇ ಸುಮ್ನಿದ್ದೆ. ಆವತ್ತು ನೀನು ಫೋನಲ್ಲಿ ಗೋಲು ನೋಡ್ತಿದ್ದೆ, ನಾನು ಕೂಗಿ ಆ ಮುದುಕೀನ ಉಳಿಸ್ದೆ. ಇವತ್ತು ನೀನು ನನ್ನನ್ನ ಅಣಕಿಸ್ತಿದ್ದೆ. ಇನ್ನೊಂದು ಸಲ ಅಣಕಿಸಿ ತೋರಿಸು, ದೋನ್ ಸಿರಿಲೊಗೆ ಪೂರ್ತಿ ನೋಡೋಕಾಗ್ಲಿಲ್ಲ."

ಸಿರಿಲೊ ಇಳಿದು ಮುಂದೆ ಹೋಗಿ ಬಗ್ಗಿ ನೋಡಿದ. ಅವಳ ಕಡೆಯ ಕಿಟಕಿಯ ಹತ್ತಿರ ಬಂದು, ಆ ದಿನ ಮೊದಲ ಬಾರಿಗೆ ಅವಳ ಮುಖ ನೋಡಿ, "ಹೆಗಲು ಹೇಗಿದೆ ಸೆನ್ಯೋರಾ?" ಎಂದ. ಆಮೇಲೆ ದೆರ್ಲಿಸ್ ಕಡೆ ತಿರುಗಿ, "ನನ್ನ ಅಂಗಡೀಲಿ ಮುರಿದೋನೇ ಒಯ್ಯಬೇಕು ತಮ್ಮಾ. ಇದು ಈಗ ನಿಂದೇ," ಎಂದ. ದೆರ್ಲಿಸ್ ಚೌಕಾಸಿ ಮಾಡಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಅದರ ಜೊತೆಗೆ ಇನ್ನೇನೋ ಸೇರಿಕೊಂಡಿತ್ತು. ಆ ಬೀದಿಯಲ್ಲಿ ಯಾರಾದರೂ ಇದ್ದಿದ್ದರೆ ಕೂಗುತ್ತಿದ್ದೆನೇ? ಕೂಗುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ಹೇಳಿಕೊಂಡಳು. ಕನ್ನಡಿಯಲ್ಲಿ ದೆರ್ಲಿಸ್‌ನ ಕಣ್ಣು ಒಂದೆರಡು ಸಲ ಅವಳನ್ನು ಹುಡುಕಿತು. ಅವಳು ಕಿಟಕಿಯಾಚೆ ನೋಡಿದಳು.

ಅಂಗಳದ ಮಾವಿನ ಮರದ ಕೆಳಗೆ ಕೂತಿದ್ದ ನ್ಯಾ ಒಬ್ದುಲಿಯಾ ಬೀಸಣಿಗೆ ಹಿಡಿದೇ ಎದ್ದು ಬಂದಳು. ಕಾರಿನ ಸುತ್ತ ಬಂದು, ಜೋತುಬಿದ್ದ ಬಂಪರಿನ ಮುಂದೆ ನಿಂತಳು.

"ಅಯ್ಯೋ ದೇವರೇ. ಮನೆ ಸೇರೋ ಮೊದಲೇನಾ? ಈ ಸಲಾನೂ ಇವಳು ಕಿರುಚಿದ್ಲಾ?"

ಎಲಿಹಿಯಾ ಕಾರಿನಿಂದ ಇಳಿದು, ಬಾಗಿಲನ್ನು ಹಾಕದೆ ಹಿಡಿದುಕೊಂಡು, ಗಂಡನನ್ನೇ ನೋಡುತ್ತ ನಿಂತಳು. ದೆರ್ಲಿಸ್ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಡೆದ ದೀಪದೊಳಗೆ ಸಿಕ್ಕಿಕೊಂಡಿದ್ದ ಕಲ್ಲಿನ ಚೂರೊಂದನ್ನು ಬೆರಳಿನಿಂದ ಕೀಳತೊಡಗಿದ. ಅದು ಬರಲು ಹೊತ್ತು ಹಿಡಿಯಿತು. ಬಂದ ಮೇಲೆ ಎಲ್ಲಿಡಬೇಕೆಂದು ತಿಳಿಯದೆ, ತಾಯಿಯ ಮುಂದೆ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದ.