ಅಲಾರಂ ಹೊಡೆದಿತ್ತು

ಮೂವತ್ತೆಂಟು ವರ್ಷದ ಹೆಂಗಸನ್ನು ಇಡೀ ಆಸ್ಪತ್ರೆ ಪುಟ್ಟಿ ಅಂತ ಕರೆಯುತ್ತಿತ್ತು ಅಂದರೆ ಅದಕ್ಕೆ ಕಾರಣ ಅಕ್ಕ. ರಕ್ತನಿಧಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇವಳು ಸೇರಿದ ಮೊದಲ ದಿನ, ಅಲ್ಲಿನ ಹಿರಿಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಅಕ್ಕ, "ಬಾ ಪುಟ್ಟಿ, ಊಟ ಆಯ್ತಾ?" ಅಂದಿದ್ದಳು. ಅಷ್ಟೇ, ಹೆಸರು ಅಂಟಿಕೊಂಡಿತು. ಒಡಹುಟ್ಟಿದವಳಲ್ಲ ಅನ್ನೋದು ನಿಜ. ಆದರೆ ಹನ್ನೊಂದು ವರ್ಷ ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿ ಉಂಡ ಮೇಲೆ ಹುಟ್ಟಿದ್ದು ಎಲ್ಲಿ ಅಂತ ಯಾರು ಕೇಳುತ್ತಾರೆ?

ಅಂಥ ಪುಟ್ಟಿಯ ಮೇಲೆ ಈಗ ಬಂದಿದ್ದ ಅಪವಾದ ಒಂದೇ: ಸುಳ್ಳು ಸಹಿ.

ಆದದ್ದು ಹೀಗೆ. ಎರಡು ವಾರದ ಹಿಂದಿನ ಭಾನುವಾರ ರಕ್ತ ಇಡುವ ದೊಡ್ಡ ಫ್ರಿಜ್ ಮಧ್ಯಾಹ್ನವೇ ಕೆಟ್ಟು ನಿಂತಿತ್ತು. ಸಂಜೆ ಆರಕ್ಕೆ ನೋಡುವ ಹೊತ್ತಿಗೆ ಒಳಗೆಲ್ಲ ಬೆಚ್ಚಗೆ. ಜನ ಮಲಗಿ, ತೋಳು ಚಾಚಿ ಕೊಟ್ಟುಹೋದ ಅರವತ್ತೆರಡು ಚೀಲ ರಕ್ತವನ್ನು ಎಸೆಯಬೇಕಾಯಿತು. ಅವತ್ತು ಡ್ಯೂಟಿಯಲ್ಲಿದ್ದವಳು ಅಕ್ಕ ಒಬ್ಬಳೇ. "ಅಲಾರಂ ಹೊಡೀಲೇ ಇಲ್ಲ, ಹೊಡೆದಿದ್ರೆ ಓಡಿ ಬರ್ತಿರಲಿಲ್ವಾ?" ಅಂದಳು. ಮಾರನೇ ದಿನ ಕಂಪನಿಯವನು ಬಂದು ನೋಡಿದಾಗಲೂ ಅಲಾರಂ ತುಟಿ ಬಿಚ್ಚಲಿಲ್ಲ. ಬೋರ್ಡು ಸತ್ತಿದೆ ಅಂತ ಹೊಸದು ಹಾಕಿ ಹೋದ. ಅಲ್ಲಿಗೆ ಎಲ್ಲರ ಬೆರಳೂ ಪುಟ್ಟಿಯ ಕಡೆ ತಿರುಗಿತು. ಹಿಂದಿನ ಶುಕ್ರವಾರ "ಅಲಾರಂ ಪರೀಕ್ಷಿಸಿದೆ, ಸರಿ ಇದೆ" ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದ್ದವಳು ಅವಳೇ ತಾನೆ?

ಬುಧವಾರ ವಿಚಾರಣೆ. ಕೆಲಸ ಹೋಗುವ ಹೆದರಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಕೂತಲ್ಲೇ ಸಹಿ ಹಾಕಿದವಳು ಅಂತ ಹೆಸರು ಉಳಿದುಬಿಡುತ್ತದಲ್ಲ ಅನ್ನುವ ಸಂಕಟ ಅವಳ ನಿದ್ದೆ ಕೆಡಿಸಿತ್ತು. ಸ್ಕ್ರೂ ಒಂದು ಉಳಿದರೂ ಮತ್ತೆ ಪೂರ್ತಿ ಬಿಚ್ಚಿ ನೋಡುವವಳು ಅವಳು. ಅಕ್ಕ ಮಾತ್ರ ದಿನಾ ಸಂಜೆ ಮನೆಗೆ ಬಂದು, "ಮರೆತಿರ್ತೀಯ ಬಿಡೇ, ಮನುಷ್ಯರಲ್ವಾ. ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ," ಅಂತ ತಲೆ ಸವರಿ ಹೋಗುತ್ತಿದ್ದಳು.

ಮರೆತಿರಲಿಲ್ಲ ರೀ. ಆದರೆ ಅದನ್ನು ಹೇಳುವುದು ಹೇಗೆ?

ಹಳೇ ಬೋರ್ಡಿನ ನೆನಪಿನ ಚಿಪ್ಪಿನಲ್ಲಿ ಎಲ್ಲ ದಾಖಲಾಗಿರುತ್ತದೆ ಅಂತ ಪುಟ್ಟಿಗೆ ಗೊತ್ತಿತ್ತು. "ಅದು ಫ್ಯಾಕ್ಟರಿ ಬಿಟ್ಟು ಹೊರಗೆ ಓದೋಕಾಗಲ್ಲ," ಅಂತ ಕಂಪನಿಯವನು ಮೂಗು ಮುರಿದಿದ್ದ. ಪುಟ್ಟಿ ರಕ್ತನಿಧಿಯ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಹತ್ತಿರ ಹೋಗಿ ಒಪ್ಪಿಗೆ ಪಡೆದು, ಗುಜರಿ ಪೆಟ್ಟಿಗೆಯಲ್ಲಿದ್ದ ಬೋರ್ಡನ್ನು ಮನೆಗೆ ತಂದಳು. "ಏನಾದ್ರೂ ಸಿಕ್ಕರೆ ವಿಚಾರಣೆಗೆ ತಂದುಕೊಡು," ಅಂದಿದ್ದರು ಅವರು.

ಅವಳ ಧೈರ್ಯಕ್ಕೆ ಕಾರಣ ಊಟದ ಮೇಜಿನ ಮೇಲಿದ್ದ ಇನ್ನೊಂದು ಬೋರ್ಡು, ಅಂಗೈಯಗಲದ ಹಸಿರು ಬೋರ್ಡು. ಎಲೆಕ್ಟ್ರಾನಿಕ್ಸ್ ಹುಚ್ಚಿನವರು ಎಲ್ಲೆಲ್ಲಿಂದಲೋ ಸೇರಿ ರೂಪಿಸಿದ ಸಾಧನ ಅದು. ಅದರ ನಕ್ಷೆ, ಒಳಗಿನ ಪ್ರೋಗ್ರಾಂ ಎಲ್ಲ ಬಟಾಬಯಲು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಪುಟ್ಟಿ ಎರಡು ತಿಂಗಳು ಕೂತು, ಒಂದು ಮೇಜುಬಟ್ಟೆ ಸುಟ್ಟು, ತಾನೇ ಬೆಸುಗೆ ಹಾಕಿ ಮಾಡಿಕೊಂಡಿದ್ದಳು. ಒಂದು ಚಿಪ್ಪು ಎರಡು ತಂತಿಯಲ್ಲಿ ಮಾತಾಡುತ್ತದೆ, ಇನ್ನೊಂದು ನಾಲ್ಕರಲ್ಲಿ. ಇದಕ್ಕೆ ಎಲ್ಲರ ಭಾಷೆಯೂ ಬರುತ್ತದೆ. ಕೇಳಲೂ ಗೊತ್ತು, ಓದಲೂ ಗೊತ್ತು, ಬರೆಯಲೂ ಗೊತ್ತು. ಅವಳ ಅತ್ತೆ ಅದಕ್ಕೆ ಸೋದರತ್ತೆ ಅಂತ ಹೆಸರಿಟ್ಟಿದ್ದರು. "ನಮ್ಮ ಸೋದರತ್ತೇನೂ ಹಿಂಗೇ ಇದ್ಲು ಕಣೇ. ಎದುರಿಗೆ ಕೂತರೆ ಹೊಟ್ಟೇಲಿರೋದನ್ನೆಲ್ಲ ಕಕ್ಕಿಸದೆ ಏಳ್ತಿರಲಿಲ್ಲ," ಅನ್ನುತ್ತಿದ್ದರು.

ವಿಚಾರಣೆಗೆ ಮೂರು ದಿನ ಇರುವಾಗ, ಭಾನುವಾರ ಬೆಳಗ್ಗೆ ತಿಂಡಿ ತಟ್ಟೆ ಸರಿಸಿ ಪುಟ್ಟಿ ಕೂತಳು. ಹಳೇ ಬೋರ್ಡಿನ ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ಪು ಕಚ್ಚಿಸಿ, ಇನ್ನೊಂದು ತುದಿಯನ್ನು ಸಾಧನಕ್ಕೆ ಸಿಕ್ಕಿಸಿ, ಲ್ಯಾಪ್‌ಟಾಪಿನಿಂದ ಓದು ಅಂದಳು. ಬರೀ ಎಫ್, ಎಫ್, ಎಫ್. ಅಂದರೆ ಏನೂ ಇಲ್ಲ.

"ಏನಂತೆ ನಿನ್ನ ಸೋದರತ್ತೆ?" ಅತ್ತೆ ತರಕಾರಿ ಹೆಚ್ಚುತ್ತಾ ಕೇಳಿದರು.

"ಮುನಿಸಿಕೊಂಡಿದ್ದಾಳೆ ಅತ್ತೆ."

ಕಾಲುಗಳ ಮೇಲೆ ಮೆರುಗಿನ ಪದರ ಇತ್ತು. ಹಳೇ ಟೂತ್‌ಬ್ರಷ್ಷಿಗೆ ಸ್ಪಿರಿಟ್ ಹಾಕಿ ಉಜ್ಜಿದಳು, ಮತ್ತೆ ಕಚ್ಚಿಸಿದಳು. ಈ ಸಲ ಅಂಕಿಗಳು ಬಡಬಡ ಇಳಿದವು. ಎರಡು ಸಲ ಓದಿಸಿ ಎರಡನ್ನೂ ಹೋಲಿಸಿದಳು. ಒಂದು ಅಕ್ಷರವೂ ಆಚೀಚೆ ಇಲ್ಲ. ಇನ್ನು ಅರ್ಥ ಬಿಡಿಸಬೇಕು. ಅವಳು ಮಾಡಿದ್ದು ಸುಲಭದ ಕೆಲಸ: ತನಗೆ ಗೊತ್ತಿರುವುದನ್ನು ಮೊದಲು ಹುಡುಕಿದಳು. ಆ ಶುಕ್ರವಾರ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇತ್ತು! ತಾರೀಖು, ಗಂಟೆ, ನಿಮಿಷ, ಅಲಾರಂ ಹೊಡೆದ ಗುರುತು. ಅದರ ಕೆಳಗೆ ಅದನ್ನು ನಿಲ್ಲಿಸಿದ ಗುರುತು, ಪಕ್ಕದಲ್ಲಿ ನಾಲ್ಕು ಏಳು ಒಂದು ಒಂಬತ್ತು, ಅಂದರೆ ಅಲಾರಂ ನಿಲ್ಲಿಸಲು ಒತ್ತುವ ಅವಳದೇ ಗುಪ್ತ ನಂಬರು.

"ಅತ್ತೆ, ನಾನು ಪರೀಕ್ಷೆ ಮಾಡಿದ್ದೆ! ಇಲ್ಲಿದೆ ನೋಡಿ!" ಎದ್ದು ಹೋಗಿ ಮುದುಕಿಯನ್ನು ಅಪ್ಪಿಕೊಂಡೇಬಿಟ್ಟಳು. ಅತ್ತೆಗೆ ಪರದೆಯ ಮೇಲಿನ ಅಂಕಿ ತಲೆಬುಡ ತಿಳಿಯಲಿಲ್ಲ, ಆದರೂ ಕಣ್ಣೊರೆಸಿಕೊಂಡರು. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಂತಾಯಿತು ಪುಟ್ಟಿಗೆ.

ಇಳಿದದ್ದು ಎರಡು ನಿಮಿಷ ಅಷ್ಟೇ. ಅವಳು ಮುಂದಿನ ಸಾಲು ನೋಡಿದಳು.

ಭಾನುವಾರ, ಎರಡು ಗಂಟೆ ಆರು ನಿಮಿಷ: ಅಲಾರಂ ಹೊಡೆದಿದೆ. ಎರಡು ಗಂಟೆ ಒಂಬತ್ತು ನಿಮಿಷ: ಅಲಾರಂ ನಿಲ್ಲಿಸಲಾಗಿದೆ. ನಾಲ್ಕು, ಏಳು, ಒಂದು, ಒಂಬತ್ತು.

ಆ ಹೊತ್ತಿನಲ್ಲಿ ಪುಟ್ಟಿ ಇದೇ ಮನೆಯಲ್ಲಿ, ಊಟ ಮುಗಿಸಿ ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಬೇರೆ ಯಾರು ಓದಿದರೂ, ಪುಟ್ಟಿಯೇ ಅಲಾರಂ ಬಾಯಿ ಮುಚ್ಚಿಸಿದಳು ಅಂತ ಓದುತ್ತಾರೆ. ಅವಳಿಗೆ ಮಾತ್ರ ಅಲ್ಲಿ ಅಕ್ಕನ ಮುಖ ಕಂಡಿತು. ಆ ನಂಬರು ಗೊತ್ತಿದ್ದದ್ದು ಇಬ್ಬರಿಗೇ. ಉಳಿದ ಸಿಬ್ಬಂದಿಯ ನಂಬರು ಒತ್ತಿದರೆ ಅಲಾರಂ ಹತ್ತು ನಿಮಿಷ ಸುಮ್ಮನಾಗಿ ಮತ್ತೆ ಕೂಗುತ್ತದೆ. ರಿಪೇರಿಯವಳ ನಂಬರು ಒತ್ತಿದರೆ, ಮತ್ತೆ ಒತ್ತುವ ತನಕ ಮೂಕ. ಮೂರು ವರ್ಷದ ಹಿಂದೆ ಅಕ್ಕ ತಲೆಸಿಡಿತದಿಂದ ಒದ್ದಾಡುತ್ತಿದ್ದಾಗ, ಬಾಗಿಲು ಸ್ವಲ್ಪ ತೆರೆದರೂ ಬಡಿದುಕೊಳ್ಳುವ ಆ ಅಲಾರಂ ಕೇಳಲಾರದೆ ಅಳುತ್ತಿದ್ದಾಗ, ಪುಟ್ಟಿಯೇ ಕಿವಿಯಲ್ಲಿ ಹೇಳಿಕೊಟ್ಟಿದ್ದಳು. ಕೊಡಬಾರದಿತ್ತು. ನಿಯಮ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನಿಗೆ ತಾನೆ ಅಂತ ಕೊಟ್ಟಳು.

ಅವತ್ತು ಅಕ್ಕ ಸಂಜೆಗೆ ಕಾಯದೆ ಹನ್ನೆರಡರ ಸುಮಾರಿಗೇ ಬಂದಳು. ಪುಟ್ಟಿ ಕೂಗಾಡಲಿಲ್ಲ. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ, ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಓದಿ ಹೇಳಿದಳು. ಅಕ್ಕನ ಮುಖ ಬಿಳುಚಿತು.

"ಬಾಗಿಲು ಸರಿಯಾಗಿ ಮುಚ್ಚಿಲ್ಲ ಅಂದ್ಕೊಂಡೆ ಕಣೇ," ಅಂದಳು. "ಮಗಳು ಮನೆ ಬದಲಾಯಿಸ್ತಿದ್ಲು. ಒಂದು ಗಂಟೆ ಹೋಗಿ ಸಾಮಾನು ಎತ್ತಿಕೊಟ್ಟು ಬರೋಣ ಅಂತ ಹೋದೆ. ಬರೋ ಹೊತ್ತಿಗೆ ಆರಾಗಿತ್ತು."

"ಎರಡು ವಾರ ಅಕ್ಕ. ಎರಡು ವಾರ ದಿನಾ ಬಂದು ನನ್ನ ತಲೆ ಸವರಿದ್ಯಲ್ಲ."

"ನಾಲ್ಕು ತಿಂಗಳಿಗೆ ನನ್ನ ನಿವೃತ್ತಿ. ಈಗ ತೆಗೆದ್ರೆ ಎಲ್ಲಿಗೆ ಹೋಗಲಿ? ನೀನು ಚಿಕ್ಕವಳು, ಹೇಗೋ ಆಗತ್ತೆ ಅಂದ್ಕೊಂಡೆ."

ಪುಟ್ಟಿ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು. ಸಾಧನಕ್ಕೆ ಬರೆಯಲೂ ಗೊತ್ತು ಅಂದೆನಲ್ಲ. ನಾಲ್ಕು ಅಂಕಿ ತೆಗೆದು ಅಕ್ಕನ ಎರಡು ಎರಡು ಆರು ಸೊನ್ನೆ ಹಾಕಿದರೆ ಮುಗಿಯಿತು, ಅರ್ಧ ಸೆಕೆಂಡಿನ ಕೆಲಸ. ಹಾಕಿದರೆ ಅದು ಸುಳ್ಳು ಬರಹ. ಆದರೆ ಓದುವವರಿಗೆ ತಿಳಿಯುವುದು ನಿಜ. ಏನು ಗ್ರಹಚಾರ ನೋಡಿ! ಅವಳು ಆಜ್ಞೆಯನ್ನು ಟೈಪ್ ಮಾಡಿಯೂ ಮಾಡಿದಳು. ಒಂದು ಕೀಲಿ ಒತ್ತುವುದು ಮಾತ್ರ ಬಾಕಿ.

ಪರದೆಯ ಮೇಲೆ ತನ್ನ ನಂಬರು ಕಂಡದ್ದೇ ಅಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು. "ಬೇಡ ಪುಟ್ಟಿ. ಕಾಲಿಗೆ ಬೀಳ್ತೀನಿ. ಬುಧವಾರ ನಾನೇ ಎಲ್ಲರೆದುರು ಒಪ್ಕೋತೀನಿ. ನೀನು ನಂಬರ್ ಕೊಟ್ಟಿದ್ದೆ, ನಾನೇ ಒತ್ತಿದೆ ಅಂತ ಹೇಳ್ತೀನಿ. ಸಿಕ್ಕಿಬಿದ್ದೆ ಅನ್ನೋದಕ್ಕಿಂತ ಒಪ್ಕೊಂಡೆ ಅನ್ನೋ ಮರ್ಯಾದೆ ಆದ್ರೂ ಉಳೀಲಿ ನನಗೆ. ನನ್ನ ಮಗಳಾಣೆ."

ಮಗಳಾಣೆ ಅಂದ ಮೇಲೆ ಇನ್ನೇನು ಕೇಳುವುದು? ಪುಟ್ಟಿಗೂ ತನ್ನ ಕೈಯಾರೆ ಸುಳ್ಳು ಬರೆಯಲು ಮನಸ್ಸಿರಲಿಲ್ಲ. ಟೈಪ್ ಮಾಡಿದ್ದನ್ನು ಅಳಿಸಿದಳು. ಅಕ್ಕ ಅವಳನ್ನು ಅಪ್ಪಿಕೊಂಡು ಗಳಗಳ ಅತ್ತಳು. ಇವಳೂ ಅತ್ತಳು. ಅತ್ತೆ ಇಬ್ಬರಿಗೂ ಬಡಿಸಿ ಊಟ ಮಾಡಿಸಿದರು. ಸೋಮವಾರ ಬೆಳಗ್ಗೆ ಪುಟ್ಟಿ ಬೋರ್ಡು ಮತ್ತು ಓದಿದ ಪ್ರತಿ ಎರಡನ್ನೂ ಲಕೋಟೆಗೆ ಹಾಕಿ, ಮೊಹರು ಮಾಡಿಸಿ ದೊಡ್ಡ ಡಾಕ್ಟರ ಕೈಗೆ ಕೊಟ್ಟಳು.

ಬುಧವಾರ ಉದ್ದ ಮೇಜಿನ ಆಚೆ ದೊಡ್ಡ ಡಾಕ್ಟರು, ಪಕ್ಕದಲ್ಲಿ ಆಡಳಿತದ ಇಬ್ಬರು. ಈಚೆ ಪುಟ್ಟಿ, ಅಕ್ಕ, ಎರಡು ಕುರ್ಚಿ ಒತ್ತಿಕೊಂಡು. ಕಂಪನಿಯವರೂ ಪ್ರತಿ ನೋಡಿ, ಓದಿದ್ದು ಸರಿಯಾಗಿದೆ ಅಂತ ಕಾಗದ ಕಳಿಸಿದ್ದರು. ಶುಕ್ರವಾರದ ಸಹಿ ಸುಳ್ಳಲ್ಲ ಅಂತ ಡಾಕ್ಟರು ಮೊದಲೇ ಒಪ್ಪಿಕೊಂಡರು. ಆಮೇಲೆ ಭಾನುವಾರದ ಸಾಲಿಗೆ ಬಂದರು. ಪುಟ್ಟಿ ಇದ್ದದ್ದು ಇದ್ದ ಹಾಗೆ ಹೇಳಿದಳು: ನಂಬರು ನನ್ನದು, ಮೂರು ವರ್ಷದ ಹಿಂದೆ ಅಕ್ಕನಿಗೆ ಕೊಟ್ಟಿದ್ದೆ, ಅದು ನನ್ನ ತಪ್ಪು, ಅವತ್ತು ಒತ್ತಿದವಳು ನಾನಲ್ಲ. ಹೇಳಿ ಹಗುರಾಗಿ ಅಕ್ಕನ ಕಡೆ ನೋಡಿದಳು. ನಿನ್ನ ಸರದಿ ಅನ್ನುವ ಹಾಗೆ ಮೆಲ್ಲಗೆ ತಲೆಯನ್ನೂ ಆಡಿಸಿದಳು.

"ಹೌದಾ?" ಡಾಕ್ಟರು ಅಕ್ಕನನ್ನು ಕೇಳಿದರು. "ನಂಬರು ನಿಮಗೆ ಕೊಟ್ಟಿದ್ರಾ?"

ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಲ್ಲ ಡಾಕ್ಟ್ರೇ. ಅವಳ ನಂಬರು ನನಗೆ ಹೇಗೆ ಗೊತ್ತಿರತ್ತೆ?"

ಪುಟ್ಟಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಕ್ಕ ನಿಲ್ಲಿಸಲಿಲ್ಲ.

"ಎರಡು ಗಂಟೆಗೆ ನಾನು ಊಟಕ್ಕೆ ಎದ್ದಿದ್ದೆ. ಆಗ ಇವಳು ಬಂದಿರಬೇಕು. ಭಾನುವಾರಾನೂ ಬಂದು ಯಂತ್ರ ಕೆದಕೋ ಹುಚ್ಚು ಇವಳಿಗೆ, ನಿಮಗೇ ಗೊತ್ತಲ್ಲ. ಮನೇಲೂ ಅದೇ. ಏನೋ ತಂತಿ, ಏನೋ ಬೋರ್ಡು. ನಾನೇ ಕಣ್ಣಾರೆ ನೋಡಿದೀನಿ."

ಆಡಳಿತದವನು ಬರೆದುಕೊಳ್ಳುತ್ತಿದ್ದ. ಅವತ್ತು ಚಾಪೆಯ ಮೇಲೆ ಪಕ್ಕದಲ್ಲಿ ಮಲಗಿದ್ದ ಅತ್ತೆಯ ಸಾಕ್ಷಿಯನ್ನು ಇಲ್ಲಿ ಯಾರು ಕೇಳುತ್ತಾರೆ? ಎರಡು ಎರಡು ಆರು ಸೊನ್ನೆ ಅಂತ ಬರೆಯದೆ ಬಿಟ್ಟ ಬೆರಳುಗಳನ್ನು ಪುಟ್ಟಿ ಮಡಿಲಲ್ಲಿ ಹೆಣೆದುಕೊಂಡು ಕೂತಳು. ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು, ಬಹಳ ಬೇಸರದಿಂದ.

ಆಗ ಅವಳ ಭುಜದ ಮೇಲೆ ಕೈಯೊಂದು ಬಿತ್ತು. ಹನ್ನೊಂದು ವರ್ಷದಿಂದ ಗೊತ್ತಿದ್ದ ಕೈ.

"ಬೇಕು ಅಂತ ಮಾಡಿರಲ್ಲ ಡಾಕ್ಟ್ರೇ," ಅಕ್ಕನ ದನಿ ನಿಜವಾಗಿಯೂ ಒದ್ದೆಯಾಗಿತ್ತು. "ಪಾಪ, ನನ್ನ ತಂಗಿ ಇದ್ದ ಹಾಗೆ. ಕೆಲಸದಿಂದ ಮಾತ್ರ ತೆಗೀಬೇಡಿ."

ಪುಟ್ಟಿ ಆ ಕೈಯನ್ನು ನೋಡಿದಳು.

"ಕೈ ತೆಗೀರಿ ಮೇಡಂ," ಅಂದಳು.