ಮನೆಯೊಳಗೆ ಕೈ ಹಿಡಿಯುವಂತಿಲ್ಲ

ಮೇಜಿನ ಒಂದು ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಸೋದರಮಾವ ಒಳಗಿನಿಂದ ತಳ್ಳುತ್ತಿದ್ದ, ಪಕ್ಕದ ಇಸ್ತ್ರಿ ಅಂಗಡಿಯಾಕೆ ಹೊರಗಿನಿಂದ ಎಳೆಯುತ್ತಿದ್ದಳು.

"ಸ್ವಲ್ಪ ಓರೆ ಮಾಡು ತಾಯಿ, ಓರೆ! ಇಸ್ತ್ರಿಪೆಟ್ಟಿಗೆ ಅಲ್ಲ ಇದು, ನೇರ ಎಳೆಯೋಕೆ."

"ಮಾತು ಕಮ್ಮಿ ಮಾಡಿ ತಳ್ಳಿ ಅಣ್ಣ. ಬರೀ ಬಾಯಲ್ಲೇ ಹೊತ್ತುಬಿಡ್ತೀರ."

ಅಮ್ಮನ ದೇಹ ತಂದ ಆಸ್ಪತ್ರೆಯ ಗಾಡಿಯಿಂದ ಇಳಿದ ಮಗಳು ಗೇಟಿನಲ್ಲೇ ನಿಂತುಬಿಟ್ಟಳು. ಕುರ್ಚಿಗಳು, ಕಪಾಟು, ಅಮ್ಮನ ಹೊಲಿಗೆ ಮಿಷನ್ನು, ಎಲ್ಲವೂ ಹೊರಗೆ ಗೋಡೆಗೆ ಒರಗಿ ಬಿಸಿಲು ಕಾಯುತ್ತಿದ್ದವು.

"ಮಾವ, ಇದೇನು ಮಾಡಿದ್ರಿ?"

"ಜನ ಬರ್ತಾರಲ್ಲಮ್ಮ. ಅಕ್ಕನ್ನ ಮಲಗಿಸೋಕೆ ಜಾಗ ಬೇಡ್ವಾ?" ಮಾವ ಹಣೆ ಒರೆಸಿಕೊಂಡು ದನಿ ತಗ್ಗಿಸಿದ. "ನಿಮ್ಮಪ್ಪ ಮಾತ್ರ ಒಳಕೋಣೆ ಬಿಟ್ಟು ಬರ್ತಿಲ್ಲ. ಕೈ ಹಿಡ್ಕೊಂಡು ಕರ್ಕೊಂಡು ಬರೋಣ ಅಂತ ಹೋದೆ, ಕೊಡವಿಬಿಟ್ರು. ಕಟ್ಕೊಂಡವಳ ಮುಖ ನೋಡೋಕಾದ್ರೂ..." ನಾಲಿಗೆ ಕಚ್ಚಿಕೊಂಡ. "ನೋಡೋದೆಲ್ಲಿ ಬಂತು. ಮಧ್ಯಾಹ್ನ ಸ್ಮಶಾನಕ್ಕೆ ಒಯ್ಯೋ ಗಾಡಿ ಬರುತ್ತೆ. ಆಮೇಲೆ ಮುಟ್ಟೋಕೂ ಸಿಗಲ್ಲ."

ಅಮ್ಮನನ್ನು ಕಿಟಕಿಯ ಕೆಳಗೆ ಚಾಪೆಯ ಮೇಲೆ ಮಲಗಿಸಿದರು. ಮಗಳು ಒಳಕೋಣೆಯತ್ತ ನಡೆದಳು. ಅಪ್ಪ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದ. ಅವನ ಹಿಂದೆ ಅರ್ಧ ಹೆಣೆದ ಬೆತ್ತದ ಕುರ್ಚಿ. ಅವನ ಬರಿಗಾಲು ಹೊಸ್ತಿಲಾಚೆ ಇಳಿಯುತ್ತಿತ್ತು, ನೆಲ ಮುಟ್ಟುತ್ತಿತ್ತು, ಹಿಂದಕ್ಕೆ ಬರುತ್ತಿತ್ತು.

"ನೀನಾ?"

"ಹೂಂ ಅಪ್ಪ."

"ಅವಳು?"

"ಬಂದಿದಾಳೆ. ನಡುಮನೇಲಿ."

"ನಡುಮನೇನೇ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಕಣಮ್ಮ. ಖಾಲಿ ಮನೆ ಥರ ಎಲ್ಲ ಗುಂಯ್ ಅಂತಿದೆ."

ಅವನ ಮೊಣಕೈಯತ್ತ ಚಾಚಿದ ತನ್ನ ಕೈಯನ್ನು ಮಗಳು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

*

ಅಪ್ಪನ ಕಣ್ಣಿನ ನರ ಒಣಗಿದ ವರ್ಷ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಬೆತ್ತ ಹೆಣೆಯುವುದು ಬೆರಳಲ್ಲಿ ಉಳಿದಿತ್ತು. ಮನೆಯ ಜಾಡು ಕಾಲಲ್ಲಿ ಉಳಿದಿರಲಿಲ್ಲ. ಕುರ್ಚಿ ಎಡವಿ, ಕಪಾಟಿಗೆ ಹಣೆ ಬಡಿದುಕೊಂಡು, ಅವನು ಕೋಣೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದ.

ಒಂದು ಮಧ್ಯಾಹ್ನ ಅಮ್ಮ ಅಸ್ತರಿನ ತುಂಡೊಂದನ್ನು ಕಣ್ಣಿಗೆ ಕಟ್ಟಿಕೊಂಡು ಮನೆಯೆಲ್ಲ ನಡೆದಳು. ಮೊಣಕಾಲಿಗೆ ತಾಗಿದ್ದನ್ನೆಲ್ಲ ಸರಿಸಿದಳು. ಮತ್ತೆ ನಡೆದಳು, ಮತ್ತೆ ಸರಿಸಿದಳು. ಕೊನೆಗೆ ಕಣ್ಣಿನ ಕಟ್ಟು ಬಿಚ್ಚಿ, ಬೆವರು ಒರೆಸಿಕೊಂಡು ಹೇಳಿದಳು: "ಇನ್ನು ಇವು ಅಲ್ಲಾಡೋ ಹಾಗಿಲ್ಲ. ಬೀದೀಲಿ ಬೇಕಾದ್ರೆ ಹಿಡ್ಕೋ. ಮನೆಯೊಳಗೆ ಯಾರೂ ಅವರ ಕೈ ಹಿಡಿಯೋ ಹಾಗಿಲ್ಲ."

ಅಲ್ಲಿಂದಾಚೆ ಅವು ಅಲ್ಲಾಡಲಿಲ್ಲ. ನೆಲ ಒರೆಸುವಾಗಲೂ ಅಮ್ಮ ಅವುಗಳ ಕಾಲಿನ ಸುತ್ತಷ್ಟೇ ಒರೆಸುತ್ತಿದ್ದಳು.

ಕಪಾಟಿನಿಂದ ಕಿಟಕಿಯವರೆಗಿನ ಜಾಗ ಮಾತ್ರ ಖಾಲಿ. ಮುಟ್ಟಿಕೊಂಡು ಹೋಗಲು ಅಲ್ಲಿ ಏನೂ ಇರಲಿಲ್ಲ. ಅಪ್ಪನ ಕೋಣೆಯ ಬಾಗಿಲು ಕಿರ್ ಎಂದರೆ ಸಾಕು, ಅಮ್ಮ ಎಲ್ಲಿದ್ದರೂ ಬಂದು ಕಿಟಕಿಯ ಕೆಳಗಿನ ಮಿಷನ್ ಮುಂದೆ ಕೂತು ತುಳಿಯುತ್ತಿದ್ದಳು. ಆ ಸದ್ದು ಹಿಡಿದು ಅಪ್ಪ ಬರುತ್ತಿದ್ದ. ಬಂದು ಅವಳ ಭುಜದ ಮೇಲೆ ಕೈಯಿಟ್ಟು, "ಯಾವಾಗ ನೋಡಿದ್ರೂ ಹೊಲಿಗೇನಾ?" ಎನ್ನುತ್ತಿದ್ದ.

"ಅಮ್ಮಾ, ನೂಲೇ ಇಲ್ವಲ್ಲ!" ಮಗಳು ಒಮ್ಮೆ ಹಿಡಿದುಬಿಟ್ಟಿದ್ದಳು.

"ಶ್! ಬಾಯಿ ಬಿಟ್ಟು ಕರೆದ್ರೆ ನಿಮ್ಮಪ್ಪಂಗೆ ಸಿಟ್ಟು. ಕುರುಡ ಅಂತ ಕರೀತಾಳೆ ಅನ್ಕೋತಾರೆ. ಮಿಷನ್ ಕೂಗಿದ್ರೆ ಏನೂ ಅನ್ಕೊಳಲ್ಲ."

*

"ಎಲ್ಲ ಒಳಗೆ ತನ್ನಿ," ಎಂದಳು ಮಗಳು. "ಮೊದಲು ಎಲ್ಲಿತ್ತೋ ಅಲ್ಲೇ ಇಡ್ಬೇಕು."

"ತಲೆ ನೆಟ್ಟಗಿದೆಯೇನೇ? ಬಂದ ಜನ ಎಲ್ಲಿ ಕೂರ್ತಾರೆ?"

"ನಿಂತ್ಕೊಳ್ಳಲಿ ಮಾವ. ಅಪ್ಪ ನಡೀಬೇಕು."

ಮಾವ ಬಾಯಿ ತೆರೆದ. ಅಷ್ಟರಲ್ಲಿ ಇಸ್ತ್ರಿ ಅಂಗಡಿಯಾಕೆ ಸೆರಗು ಸಿಕ್ಕಿಸಿಕೊಂಡು ಮೇಜಿನ ಒಂದು ತುದಿ ಎತ್ತಿಯಾಗಿತ್ತು. "ಹಿಡ್ಕೊಳ್ಳಿ ಅಣ್ಣ. ತೆಗೆದವರೇ ಇಡ್ಬೇಕು."

ನೆಲ ಒರೆಸುವ ಬಟ್ಟೆ ಇಷ್ಟು ವರ್ಷ ತಾಗದೇ ಬಿಟ್ಟ ಕಪ್ಪು ಗುರುತುಗಳು ಕಾಣುತ್ತಿದ್ದವು. ಮಗಳು ಮಂಡಿಯೂರಿ, ಒಂದೊಂದು ಕಾಲನ್ನೂ ಅದರದರ ಗುರುತಿಗೆ ಕೂರಿಸಿದಳು. ಮಿಷನ್ನು ಅಮ್ಮನ ತಲೆಯ ಪಕ್ಕಕ್ಕೆ ಬಂತು. ಬಂದವರು ಗೋಡೆಗೆ ಅಂಟಿಕೊಂಡು ನಿಂತರು.

ಅಪ್ಪ ಹೊಸ್ತಿಲು ದಾಟಿದ. ಮೇಜಿನ ಮೂಲೆ ಕೈಗೆ ಸಿಕ್ಕಿತು. ಆಮೇಲೆ ಕುರ್ಚಿಯ ಬೆನ್ನು. ಆಮೇಲೆ ಕಪಾಟು. ಅವನ ಹೆಜ್ಜೆ ಒಂದೊಂದಕ್ಕೂ ಹಗುರಾಯಿತು. ಕಪಾಟಿನ ಅಂಚಿಗೆ ಬಂದು ನಿಂತುಬಿಟ್ಟ. ಮುಖವನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಕತ್ತು ಸ್ವಲ್ಪ ವಾಲಿಸಿ ಕಾದ. ಕಿಟಕಿಯ ಕಡೆಯಿಂದ ಮಿಷನ್ ಸದ್ದು ಬರಲಿಲ್ಲ.

ಮಾವ ಕಣ್ಣೊರೆಸಿಕೊಂಡು ಮುಂದೆ ಹೆಜ್ಜೆಯಿಟ್ಟ. ಇಸ್ತ್ರಿ ಅಂಗಡಿಯಾಕೆ ಅವನ ಅಂಗಿ ಹಿಡಿದೆಳೆದಳು.

ಮಗಳು ಮಿಷನ್ ಮುಂದೆ ಕೂತಳು. ಬಟ್ಟೆ ಒತ್ತಿಹಿಡಿಯುವ ಪಾದವನ್ನು ಮೇಲಕ್ಕೆತ್ತಿಟ್ಟು ತುಳಿದಳು. ಚಕ್ರ ಹಿಂದಕ್ಕೆ ತಿರುಗಿ ಕಟ್ ಎಂದು ನಿಂತಿತು. ಹೊಲಿಗೆ ಅವಳಿಗೆ ಎಂದೂ ಒಲಿದಿರಲಿಲ್ಲ. ಚಕ್ರವನ್ನು ಕೈಯಿಂದ ಮುಂದಕ್ಕೆ ದೂಡಿ ಮತ್ತೆ ತುಳಿದಳು. ಕಟಕಟ, ಕಟಕಟಕಟ.

ಅಪ್ಪ ನಡೆದು ಬಂದ. ಕೈ ಚಾಚಲಿಲ್ಲ, ತಡಕಲಿಲ್ಲ. ಬಂದು ಭುಜದ ಮೇಲೆ ಅಂಗೈಯಿಟ್ಟ. ಆ ಭುಜ ಯಾರದೆಂದು ಅಂಗೈಗೆ ಗೊತ್ತಾಗಲು ಒಂದು ಕ್ಷಣ ಹಿಡಿಯಿತು.

"ನೂಲು ಹಾಕಿಲ್ಲ," ಎಂದ.

"ಇಲ್ಲಪ್ಪ."

"ಅವಳೂ ಹಾಕ್ತಿರಲಿಲ್ಲ."

ಮಗಳು ತಿರುಗಿ ಅವನ ಮುಖ ನೋಡಿದಳು. ಅಪ್ಪ ಆಗಲೇ ಮಂಡಿಯೂರುತ್ತಿದ್ದ. ಬೆತ್ತದ ಬಿಗಿ ನೋಡುವ ಅವನ ಬೆರಳುಗಳು ಅಮ್ಮನ ಹಣೆ, ಹುಬ್ಬು, ಕೆನ್ನೆ ಎಂದು ಎಳೆ ಎಳೆಯಾಗಿ ಇಳಿಯತೊಡಗಿದವು.

ಗೇಟಿನ ಬಳಿ ಗಾಡಿಯೊಂದು ಬಂದು ನಿಂತಿತು. ಮಗಳು ತುಳಿಯುವುದನ್ನು ನಿಲ್ಲಿಸಲಿಲ್ಲ. ನೂಲಿಲ್ಲದ ಸೂಜಿ ಬಟ್ಟೆಯಿಲ್ಲದ ಜಾಗದಲ್ಲಿ ಇಳಿಯುತ್ತಿತ್ತು, ಏಳುತ್ತಿತ್ತು, ಮತ್ತೆ ಇಳಿಯುತ್ತಿತ್ತು.